ಲೋಹದ ಕೊಳೆಗೆ ಸಕ್ಕರೆಯ ಸಾಬೂನು

ಜಪಾನಿನ ತೊಯಾಮಾ ಪ್ರಾಂತ್ಯದ ಜಿಂಝು ನದಿಯ ಬಯಲಿನಲ್ಲಿ ಭತ್ತದ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ 1979ರಲ್ಲಿ ಶುರುವಾಗಿ 2012ರಲ್ಲಿ ಮುಗಿಯಿತು. ಮೇಲಿನ ಕಮಿಯೋಕಾ ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ ಎಂಬ ವಿಷಲೋಹ ನೀರಿನಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಸೇರಿತ್ತು. ಉಂಡವರ ಮೂಳೆಗಳು ಮೆತ್ತಗಾಗಿ ಮುರಿಯುತ್ತಿದ್ದವು. ಆ ಕಾಯಿಲೆಗೆ ಜನ ಇಟ್ಟ ಹೆಸರು ‘ಇತಾಯಿ-ಇತಾಯಿ’, ಅಂದರೆ ‘ನೋವು, ನೋವು’. ಕ್ಯಾಡ್ಮಿಯಂ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಕೆಟ್ಟ ಮಣ್ಣನ್ನು ಹೂತು ಅದರ ಮೇಲೆ ಬೇರೆಡೆಯ ಮಣ್ಣು ಹರಡಲು ಮೂವತ್ತಮೂರು ವರ್ಷ ಹಿಡಿಯಿತು.

ಲೋಹ ಕೊಳೆಯುವುದಿಲ್ಲ, ಸುಟ್ಟರೂ ಹೋಗುವುದಿಲ್ಲ. ಮಣ್ಣನ್ನೇ ಹೂಳಬೇಕು, ಇಲ್ಲವೇ ಬಟ್ಟೆಯಂತೆ ಒಗೆಯಬೇಕು. ಒಗೆಯಲು ಇಡಿಟಿಎ ಎಂಬ ರಾಸಾಯನಿಕವಿದೆ. ಅದು ಲೋಹವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಸುಲಭಕ್ಕೆ ಕೊಳೆತು ಹೋಗದೆ ನೀರಿನಲ್ಲಿ ಉಳಿದುಬಿಡುತ್ತದೆ. ಒಂದು ವಿಷ ತೆಗೆಯಲು ಇನ್ನೊಂದು ಹಟಮಾರಿಯನ್ನು ಗದ್ದೆಗೆ ಬಿಟ್ಟಂತೆ.

ದಾರಿ ತೋರಿಸಿದ್ದು ಒಂದು ಬ್ಯಾಕ್ಟೀರಿಯಾ. ಸ್ಯೂಡೋಮೊನಾಸ್ ಏರುಜಿನೋಸಾ ಹೊರಬಿಡುವ ಜಿಡ್ಡಿನಂಥ ವಸ್ತುವನ್ನು 1946ರಲ್ಲಿ ಗುರುತಿಸಿದ್ದರು. ಅದರಲ್ಲಿ ರ್‍ಯಾಮ್ನೋಸ್ ಎಂಬ ಸಕ್ಕರೆ ಕೊಬ್ಬಿನಾಮ್ಲದ ಜೊತೆ ಬೆಸೆದುಕೊಂಡಿದೆ ಎಂದು 1949ರಲ್ಲಿ ಜಾರ್ವಿಸ್ ಮತ್ತು ಜಾನ್ಸನ್ ತೋರಿಸಿದರು. ಸಾಬೂನಿನಂತೆ ಕೆಲಸ ಮಾಡುವ ಈ ವಸ್ತುವೇ ರ್‍ಯಾಮ್ನೋಲಿಪಿಡ್. ಲೋಹ ತೊಳೆಯಲು ಇದನ್ನು ಬಳಸಬಹುದೆಂಬ ಯೋಚನೆ ಬಲಗೊಳ್ಳಲು ಇನ್ನೂ ನಾಲ್ಕು ದಶಕ ಕಳೆಯಬೇಕಾಯಿತು.

1994ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ತಂಡವೊಂದು ಈ ವಸ್ತು ದ್ರಾವಣದಲ್ಲಿರುವ ಕ್ಯಾಡ್ಮಿಯಮ್ಮನ್ನು ಹಿಡಿದುಕೊಳ್ಳುತ್ತದೆ ಎಂದು ತೋರಿಸಿತು. ಗುಟ್ಟು ಅದರ ಅಣುವಿನ ತಲೆಯಲ್ಲಿದೆ. ಅಲ್ಲಿ ಋಣ ವಿದ್ಯುದಾವೇಶದ ಆಮ್ಲದ ಗುಂಪಿದೆ, ಲೋಹದ ಅಯಾನಿಗೆ, ಅಂದರೆ ಕರಗಿದ ಲೋಹದ ಕಣಕ್ಕೆ, ಧನ ಆವೇಶ; ಎರಡೂ ಒಂದನ್ನೊಂದು ಸೆಳೆಯುತ್ತವೆ. 2001ರ ಹೊತ್ತಿಗೆ ಅದೇ ವಿಶ್ವವಿದ್ಯಾಲಯದಿಂದ ಬಂದ ಅಳತೆಗಳು ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುತ್ತವೆ. ರ್‍ಯಾಮ್ನೋಲಿಪಿಡ್ ತಾಮ್ರ, ಸೀಸ, ಕ್ಯಾಡ್ಮಿಯಂಗಳನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಬೆಳೆಗೆ ಬೇಕಾದದ್ದನ್ನು ಮಣ್ಣಿನಲ್ಲಿ ಬಿಟ್ಟು ಬೇಡದ್ದನ್ನು ಆರಿಸುವ ಒಲವು ಅದಕ್ಕಿದೆ. ಕೆಲಸ ಮುಗಿದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸಬಲ್ಲವು.

ಇಂಥ ಸಾಬೂನು ನಮಗೆ ಹೊಸದಲ್ಲ. ಅಂಟುವಾಳದ ನೊರೆ ಸಪೋನಿನ್‌ನಿಂದ ಬರುತ್ತದೆ, ಅದರ ಒಂದು ತುದಿಯೂ ಸಕ್ಕರೆಯೇ. ರೇಷ್ಮೆ ಸೀರೆಯ ಬಣ್ಣ ಕೆಡದಂತೆ ಒಗೆಯಲು ಅಜ್ಜಿಯರು ಅದನ್ನು ನೆನೆಹಾಕುತ್ತಿದ್ದರು. ಜಪಾನಿನ ಸಂಶೋಧಕರು ಸಸ್ಯಜನ್ಯ ಸಪೋನಿನ್‌ನಿಂದ ಕಲುಷಿತ ಮಣ್ಣನ್ನು ತೊಳೆದು 2002ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಕ್ಯಾಡ್ಮಿಯಂ ಶೇ 90ರಿಂದ 100ರಷ್ಟು ಹೊರಬಂದಿತ್ತು.

ಪ್ರಯೋಗಾಲಯದ ಅಂಕಿಯನ್ನು ಗದ್ದೆಯ ಅಂಕಿಯೆಂದು ಯಾರೂ ಓದಬಾರದು. 1995ರಲ್ಲಿಯೇ ಅರಿಜೋನಾದವರಿಗೆ ಗೊತ್ತಾಗಿತ್ತು: ದ್ರಾವಣ ತೆಳುವಾದರೆ ಸಾಬೂನು ತಾನೇ ಮಣ್ಣಿಗೆ ಅಂಟಿಕೊಳ್ಳುತ್ತದೆ, ಲೋಹ ಕದಲುವುದಿಲ್ಲ. ಜೇಡಿಮಣ್ಣಿನಲ್ಲಿ ಕಷ್ಟ ಇನ್ನೂ ಹೆಚ್ಚು. ತೊಳೆದ ನೀರನ್ನು ಹಿಡಿದಿಡದಿದ್ದರೆ ಕ್ಯಾಡ್ಮಿಯಂ ಬಾವಿಗೆ ಇಳಿಯುತ್ತದೆ. ಆ ನೀರಿಗೆ ಆಮ್ಲ ಬೆರೆಸಿದರೆ ರ್‍ಯಾಮ್ನೋಲಿಪಿಡ್ ತಳಕ್ಕೆ ಕೂರುತ್ತದೆ, ಮತ್ತೆ ಬಳಸಬಹುದು. ಜೊತೆಗೆ, ಏರುಜಿನೋಸಾ ಸುಟ್ಟಗಾಯಗಳಿಗೆ ಸೋಂಕು ತರುವ ಜೀವಿ. ಕಾರ್ಖಾನೆಗೆ ನಿರಪಾಯ ತಳಿ ಬೇಕು.

ಈ ಸಾಬೂನಿನ ಬೆಲೆ ಇಳಿಯಬಹುದೆಂಬ ಆಸೆ ಹುಟ್ಟಿದ್ದು ತೀರಾ ಈಚೆಗೆ. ಜರ್ಮನಿಯ ಇವೋನಿಕ್ ಕಂಪನಿ ಸ್ಲೊವಾಕಿಯಾದಲ್ಲಿ ಸಕ್ಕರೆಯಿಂದ ರ್‍ಯಾಮ್ನೋಲಿಪಿಡ್ ತಯಾರಿಸುವ ದೊಡ್ಡ ಕಾರ್ಖಾನೆಯನ್ನು 2024ರಲ್ಲಿ ಆರಂಭಿಸಿತು. ಸದ್ಯಕ್ಕೆ ಅದರ ಮುಖ್ಯ ಮಾರುಕಟ್ಟೆ ಶಾಂಪೂ ಮತ್ತು ಪಾತ್ರೆ ತೊಳೆಯುವ ದ್ರವಗಳದ್ದು.