ಎಲಿವೇಷನ್: ಮನೆ ನಿಮ್ಮದು, ಹೊರಗೋಡೆ ಎಲ್ಲರದು

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಎಬ್ಬಿಸುವ ಪದಗಳ ಪೈಕಿ ‘ಎಲಿವೇಷನ್’ ಒಂದು. ಯಾರೋ ಬಾಲ್ಕನಿಗೆ ಗ್ರಿಲ್ ಹಾಕಿಸಲು ವೆಲ್ಡಿಂಗ್‌ನವರನ್ನು ಕರೆಸಿರುತ್ತಾರೆ. ಗೇಟಿನಲ್ಲೇ ಸೆಕ್ಯೂರಿಟಿ ತಡೆದು, ‘ಎಲಿವೇಷನ್ ಚೇಂಜ್ ಆಗುತ್ತೆ ಸಾರ್, ಕಮಿಟಿ ಪರ್ಮಿಷನ್ ಬೇಕಂತೆ’ ಎನ್ನುತ್ತಾನೆ. ಸಾಲ ಮಾಡಿ ಕೊಂಡ ಮನೆಗೆ ಇನ್ಯಾರ ಅಪ್ಪಣೆ ಎಂದು ಮನೆಯವರಿಗೆ ಸಿಟ್ಟು ಬರುವುದು ಸಹಜ.

ಕಟ್ಟಡದ ಎದುರು ನೇರವಾಗಿ ನಿಂತು ನೋಡಿದಂತೆ ಬರೆದ ನಕ್ಷೆಗೆ ಎಂಜಿನಿಯರುಗಳು ಎಲಿವೇಷನ್ ಎನ್ನುತ್ತಾರೆ. ಮೇಲಿನಿಂದ ಕಂಡಂತೆ ಬರೆದರೆ ಪ್ಲಾನ್, ಸೀಳಿ ಒಳಗನ್ನು ತೋರಿಸಿದರೆ ಸೆಕ್ಷನ್. ಥರ್ಟಿ-ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿಸುವವರ ಬಾಯಲ್ಲಿ ಅದು ಮನೆಯ ಮುಂಭಾಗದ ಅಂದ. ಕಲ್ಲಿನ ಕ್ಲಾಡಿಂಗೋ ಟೆಕ್ಸ್ಚರ್ ಪೇಂಟೋ, ಅಲ್ಲಿ ಯಜಮಾನರ ಇಷ್ಟವೇ ಇಷ್ಟ. ಅಪಾರ್ಟ್‌ಮೆಂಟಿನಲ್ಲಿ ಎಲಿವೇಷನ್ ಎಂದರೆ ಇಡೀ ಕಟ್ಟಡದ ಹೊರನೋಟ, ಅಲ್ಲಿ ಮಾತ್ರ ಈ ಪದದ ಹಿಂದೆ ಕಾನೂನು ನಿಂತಿದೆ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ನೆಲ, ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಛಾವಣಿ, ಮೆಟ್ಟಿಲು ಇವೆಲ್ಲ ಕಾಮನ್ ಏರಿಯಾ, ಅಂದರೆ ಎಲ್ಲರಿಗೂ ಸೇರಿದ ಭಾಗ. ಫ್ಲ್ಯಾಟ್ ಕೊಂಡವರಿಗೆ ಇವುಗಳಲ್ಲಿ ಇರುವುದು ಅವಿಭಾಜ್ಯ ಪಾಲು, ಅಂದರೆ ಒಡೆದು ಬೇರೆ ಮಾಡಿಕೊಳ್ಳಲಾಗದ ಪಾಲು. ನಿಮ್ಮ ಹಾಲಿನ ಗೋಡೆಗೆ ಒಳಗಡೆ ಯಾವ ಬಣ್ಣ ಬೇಕಾದರೂ ಬಳಿಯಿರಿ, ಕೇಳುವವರಿಲ್ಲ. ಅದೇ ಗೋಡೆಯ ಆಚೆ ಮಗ್ಗುಲಿಗೆ ಎಲ್ಲರೂ ವಾರಸುದಾರರು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಅಥವಾ ಅದರ ಬೆಲೆ ಇಳಿಸುವ ಕೆಲಸವನ್ನು ಒಬ್ಬ ಮಾಲೀಕ ತಾನಾಗಿ ಮಾಡುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ. ಬೈಲಾ (ಮಾಲೀಕರ ಸಂಘದ ನಿಯಮಾವಳಿ) ಮುರಿದರೆ ಪರಿಹಾರಕ್ಕೋ ತಡೆಯಾಜ್ಞೆಗೋ ಆ ಸಂಘ, ಅಂದರೆ ಅಸೋಸಿಯೇಷನ್, ಕೋರ್ಟಿಗೆ ಹೋಗಬಹುದು. ಬಾಡಿಗೆಗೆ ಇರುವವರಿಗೂ ಬೈಲಾ ತಪ್ಪಿದ್ದಲ್ಲ.

ನಿಯಮ ಇರುವುದು ಬರೀ ಚೆಂದಕ್ಕೆ ಎಂದು ಹಲವರ ಎಣಿಕೆ. ಚೆಂದಕ್ಕಿಂತ ದೊಡ್ಡ ವಿಷಯ ನೀರು. ಗ್ರಿಲ್ಲಿಗೋ ಡಿಶ್ ಆಂಟೆನಾಕ್ಕೋ ಹೊರಗೋಡೆಗೆ ಡ್ರಿಲ್ ಹಾಕಿ ನಾಲ್ಕು ಬೋಲ್ಟ್ ಬಿಗಿಯುತ್ತಾರೆ. ಬೋಲ್ಟಿನ ಸುತ್ತ ಸಂದಿ ಮುಚ್ಚುವ ಸೀಲೆಂಟ್ ತುಂಬುವ ಗೋಜಿಗೆ ಹೋಗುವ ಕೆಲಸಗಾರರು ಕಡಿಮೆ. ಮೇ ತಿಂಗಳ ಗಾಳಿ ಮಳೆಯಿಂದ ಹಿಡಿದು ಅಕ್ಟೋಬರಿನ ಹಿಂಗಾರಿನವರೆಗೆ ಈ ಊರಿನಲ್ಲಿ ಗೋಡೆ ನೆನೆಯುತ್ತಲೇ ಇರುತ್ತದೆ. ಬೋಲ್ಟಿನ ಪಕ್ಕದ ಕೂದಲೆಳೆಯಷ್ಟು ಸಂದಿಯಿಂದ ಇಳಿದ ನೀರು ಪ್ಲಾಸ್ಟರಿನ ಹಿಂದೆಯೇ ಹರಿದು, ಕೆಳಗಿನ ಮನೆಯವರ ಬೆಡ್‌ರೂಮಿನ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲು ಪುಟ್ಟಿ ಉಬ್ಬುತ್ತದೆ, ಆಮೇಲೆ ಬಣ್ಣ ಹಪ್ಪಳೆಯೇಳುತ್ತದೆ, ಕೊನೆಗೆ ವಾರ್ಡ್‌ರೋಬಿನ ಹಿಂದೆ ಬೂಷ್ಟು. ಅಷ್ಟು ಹೊತ್ತಿಗೆ ಡ್ರಿಲ್ ಹಾಕಿಸಿದವರಿಗೆ ಅದರ ನೆನಪೇ ಇರುವುದಿಲ್ಲ. ಗೋಡೆ ಸಹಜವಾಗಿ ಬಿರುಕು ಬಿಟ್ಟಿದ್ದರೆ ಖರ್ಚು ಅಸೋಸಿಯೇಷನ್ನಿನದು, ಡ್ರಿಲ್ಲಿನಿಂದ ಸೋರಿದ್ದರೆ ಹಾಕಿಸಿದವರದು. ಯಾವುದು ಯಾವುದರಿಂದ ಎಂದು ತೀರ್ಮಾನಿಸುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿರುತ್ತದೆ.

ಪೂರಾ ಬಿಲ್ಡಿಂಗಿನ ಪೇಂಟಿಂಗ್ ಸಾಮಾನ್ಯವಾಗಿ ಕಾರ್ಪಸ್ ಫಂಡಿನಿಂದ, ಅಂದರೆ ದೊಡ್ಡ ಖರ್ಚಿಗೆಂದು ಮಾಲೀಕರೆಲ್ಲರ ಹಣ ಸೇರಿಸಿ ಇಟ್ಟ ನಿಧಿಯಿಂದ. ಹಗ್ಗಕ್ಕೆ ಜೋತು ಕೆಲಸ ಮಾಡುವ ಪೇಂಟರುಗಳಿಗೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಆಗ ಹೊರಕ್ಕೆ ಚಾಚಿದ ಗ್ರಿಲ್ಲು, ಬಟ್ಟೆ ಒಣಗಿಸುವ ಸ್ಟ್ಯಾಂಡು ಹಗ್ಗಕ್ಕೆ ಅಡ್ಡ ಬರುತ್ತವೆ. ಅವುಗಳ ಹಿಂದಿನ ಗೋಡೆಗೆ ಬಣ್ಣವೂ ತಾಗುವುದಿಲ್ಲ, ಬಿರುಕಿದ್ದರೆ ಕಾಣುವುದೂ ಇಲ್ಲ.

ಹಾಗೆಂದು ಎಲ್ಲಕ್ಕೂ ಬೇಡ ಎನ್ನುವುದು ಜಾಣ ಕಮಿಟಿಯ ಲಕ್ಷಣವಲ್ಲ. ಮಗು ಇರುವ ಮನೆಗೆ, ಪಾರಿವಾಳದ ಕಾಟ ಇರುವ ಮನೆಗೆ ಏನಾದರೊಂದು ಬೇಕೇ ಬೇಕು. ದೂರಕ್ಕೆ ಕಾಣದ ತೆಳು ಸ್ಟೀಲ್ ತಂತಿಯ ಇನ್ವಿಸಿಬಲ್ ಗ್ರಿಲ್, ನೈಲಾನ್ ಬಲೆ, ರೇಲಿಂಗಿನ ಒಳಮಗ್ಗುಲಲ್ಲಿ ಕೂರುವ ಒಂದೇ ನಮೂನೆಯ ಗ್ರಿಲ್: ಇವುಗಳಲ್ಲಿ ಒಂದನ್ನು ಜನರಲ್ ಬಾಡಿಯಲ್ಲಿ (ಎಲ್ಲ ಮಾಲೀಕರ ಸಭೆಯಲ್ಲಿ) ಒಪ್ಪಿ ಎಲ್ಲರಿಗೂ ಹೇಳಿದರೆ ಜಗಳವೇ ಇರುವುದಿಲ್ಲ. ಕಬ್ಬಿಣದ ಗ್ರಿಲ್ಲಾದರೆ ಒಂದು ಭಾಗ ತೆರೆಯುವಂತಿರಲಿ, ಬೆಂಕಿ ಬಿದ್ದಾಗ ಹೊರಬರಲು ದಾರಿ ಬೇಕು. ಎಸಿಯ ಔಟ್‌ಡೋರ್ ಯೂನಿಟ್‌ಗೆ ಬಿಲ್ಡರ್ ಜಾಗ ಬಿಟ್ಟಿದ್ದರೆ ಅಲ್ಲೇ ಕೂರಿಸಬೇಕು, ಎಸಿಯ ನೀರು ಕೆಳಗಿನ ಬಾಲ್ಕನಿಗೆ ತೊಟ್ಟಿಕ್ಕದಂತೆ ಪೈಪಿಗೆ ಬಿಡಬೇಕು. ತುಳಸಿ ಕುಂಡ ಬಾಲ್ಕನಿಯೊಳಗಿದ್ದರೆ ಯಾರ ತಕರಾರೂ ಇರಬಾರದು. ಅದನ್ನು ರೇಲಿಂಗಿನ ಮೇಲೆ ಇಟ್ಟರೆ ಕೆಳಗೆ ಆಡುವ ಮಕ್ಕಳ ತಲೆ ಲೆಕ್ಕಕ್ಕೆ ಬರುತ್ತದೆ. ದೀಪಾವಳಿಯ ಸೀರಿಯಲ್ ಸೆಟ್ಟಿಗೆ, ನವೆಂಬರಿನ ಕನ್ನಡ ಬಾವುಟಕ್ಕೆ ನೋಟಿಸು ಕೊಡುವ ಕಮಿಟಿಗೆ ಬೇರೆ ಕೆಲಸವಿಲ್ಲ ಎಂದೇ ನನ್ನ ಅಭಿಪ್ರಾಯ.

ಬಾಲ್ಕನಿಗೆ ಗಾಜು ಹಾಕಿಸಿ ಕೋಣೆ ಮಾಡಿಕೊಳ್ಳುವುದು ಮಾತ್ರ ಬೇರೆಯೇ ವಿಷಯ. ಮಂಜೂರಾದ ನಕ್ಷೆಯಲ್ಲಿ ಬಾಲ್ಕನಿ ಎಂದಿರುವುದರಿಂದ ಅಸೋಸಿಯೇಷನ್ ಸುಮ್ಮನಿದ್ದರೂ ಪಾಲಿಕೆಯ ತಕರಾರು ಬರಬಹುದು. ಇನ್ನು ವಿಲ್ಲಾ ಲೇಔಟುಗಳಲ್ಲಿ ಹೊರಗಿನ ಬಣ್ಣ, ಕಾಂಪೌಂಡಿನ ಎತ್ತರದಂಥ ನಿಬಂಧನೆಗಳು ಸೇಲ್ ಡೀಡಿನಲ್ಲೇ ಇರುವುದುಂಟು, ಸಹಿ ಹಾಕುವ ಮೊದಲೇ ಓದಿಕೊಳ್ಳಬೇಕು.

ಅನುಮತಿ ಕೇಳುವಾಗ ಬಾಯಿಮಾತು ಸಾಲದು. ಯಾವ ಜಾಗ, ಯಾವ ನಮೂನೆ, ಗೋಡೆಗೆ ಎಷ್ಟು ರಂಧ್ರ, ಸೀಲೆಂಟ್ ಯಾರ ಜವಾಬ್ದಾರಿ ಎಂದು ಬರೆದು, ಫೋಟೋ ಸಮೇತ ಇಮೇಲ್ ಹಾಕಿ. ಒಪ್ಪಿಗೆಯೂ ಬರಹದಲ್ಲೇ ಬರಲಿ. ‘ಆಯ್ತು, ಹಾಕಿಸ್ಕೊಳಿ’ ಎಂದಿದ್ದ ಸೆಕ್ರೆಟರಿ ಮುಂದಿನ ವರ್ಷ ಬದಲಾಗಿರಬಹುದು.