ಬಾಳೆಹಣ್ಣಿನ ಡಿಎನ್‌ಎ ಕಣ್ಣಾರೆ ಕಂಡ ಮೇಲೆ

ಟಿಶ್ಯೂ ಕಲ್ಚರ್ ಬಾಳೆ ಕುಲಾಂತರಿ ಅಲ್ಲ. ಹೈಬ್ರಿಡ್ ಮೆಕ್ಕೆಜೋಳ ಕುಲಾಂತರಿ ಅಲ್ಲ. ಬೀಜವಿಲ್ಲದ ದ್ರಾಕ್ಷಿ, ಬ್ರಾಯ್ಲರ್ ಕೋಳಿ, ವಿಟ್ಲದಿಂದ ತಂದ ಗಿಡ್ಡ ಅಡಕೆ ಸಸಿ, ಇವು ಯಾವುವೂ ಅಲ್ಲ. ನಾನು ಶಿವಮೊಗ್ಗದಲ್ಲಿ ಬಯೋಟೆಕ್ನಾಲಜಿ ಪಾಠ ಮಾಡುವವನು. ಬಿಡುವಿದ್ದಾಗ ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆಯ ಹೈಸ್ಕೂಲುಗಳಲ್ಲಿ, ರೈತರ ಸಭೆಗಳಲ್ಲಿ ಶಿಬಿರ ಮಾಡುತ್ತೇನೆ. ಹೋದಲ್ಲೆಲ್ಲ ಮೊದಲು ಹೇಳಬೇಕಾಗುವ ಮಾತು ಇದೇ.

ಒಂದು ಜೀವಿಯ ಜೀನನ್ನು, ಅಂದರೆ ಒಂದು ಗುಣಕ್ಕೆ ಕಾರಣವಾದ ಡಿಎನ್‌ಎ ತುಣುಕನ್ನು, ಲ್ಯಾಬಿನಲ್ಲಿ ತೆಗೆದು ಇನ್ನೊಂದು ಜೀವಿಗೆ ಸೇರಿಸಿದರೆ ಅದು ಕುಲಾಂತರಿ. ನಮ್ಮ ದೇಶದ ರೈತರು ಹೊಲದಲ್ಲಿ ವ್ಯಾಪಕವಾಗಿ ಬೆಳೆಯುತ್ತಿರುವ ಇಂಥ ಬೆಳೆ ಬಿಟಿ ಹತ್ತಿ ಒಂದೇ. ಬಿಟಿ ಎಂಬುದು ಮಣ್ಣಿನ ಒಂದು ಬ್ಯಾಕ್ಟೀರಿಯಾ, ಹುಳು ಕೊಲ್ಲುವ ಅದರ ಪ್ರೋಟೀನಿನ ಜೀನನ್ನು ಹತ್ತಿಗೆ ಸೇರಿಸಿದ್ದಾರೆ. ಈ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು. ಔಷಧಿಯ ವಿಷಯ ಬೇರೆ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಮೊದಲು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ತಯಾರಿಸಿದ ಇನ್ಸುಲಿನ್ 1982ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬರಲು ಒಪ್ಪಿಗೆ ಪಡೆಯಿತು. ಮಕ್ಕಳಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆ ತಯಾರಾಗುವುದು ಯೀಸ್ಟಿನಲ್ಲಿ. ನಮ್ಮಲ್ಲಿ ಬಹಳಷ್ಟು ಜನ ಹಾಕಿಸಿಕೊಂಡ ಕೋವಿಶೀಲ್ಡ್‌ನಲ್ಲಿ ಇದ್ದದ್ದು ಚಿಂಪಾಂಜಿಯ ನೆಗಡಿ ವೈರಸ್. ಅದರ ಜೀನ್ ಬದಲಾಯಿಸಿ ಲಸಿಕೆ ಮಾಡಿದ್ದರು. ಒಂದು ಸಭೆಯಲ್ಲಿ ಹಿರಿಯ ಹೆಂಗಸೊಬ್ಬರು ಎದ್ದು ನಿಂತು, "ಹಂಗಾದ್ರೆ ನಮ್ಮನೆಯವ್ರು ದಿನಾ ತಗೊಳ್ಳೋ ಇಂಜೆಕ್ಷನ್ನೂ ಇದೇನಾ ಮೇಷ್ಟ್ರೇ?" ಎಂದು ಕೇಳಿದರು. ಹೌದಮ್ಮ, ಅದೇ.

ಇಷ್ಟನ್ನು ಭಾಷಣದಲ್ಲಿ ಹೇಳಿ ಮುಗಿಸಬಹುದು. ಆದರೆ ಭಾಷಣ ಕೇಳಿದವರು ಮನೆಗೆ ಹೋಗುವಾಗ ಬಂದಾಗಿನ ಅಭಿಪ್ರಾಯವನ್ನೇ ಗಟ್ಟಿ ಮಾಡಿಕೊಂಡು ಹೋಗುತ್ತಾರೆ. ಹೆದರಿದವರ ಹೆದರಿಕೆ ಜಾಸ್ತಿಯಾಗುತ್ತದೆ, ನಂಬಿದವರ ನಂಬಿಕೆಯೂ ಅಷ್ಟೇ. ಕೈಗೆ ಕೆಲಸ ಕೊಟ್ಟಾಗ ಮಾತ್ರ ಪ್ರಶ್ನೆಗಳ ಧಾಟಿ ಬದಲಾಗುವುದನ್ನು ನಾನು ಕಂಡಿದ್ದೇನೆ.

ಹಳ್ಳಿ ಶಾಲೆಯಲ್ಲಿ ಶುರು ಮಾಡುವುದು ಬಾಳೆಹಣ್ಣಿನಿಂದ. ಅರ್ಧ ಹಣ್ಣನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟಿಲ್ಲದಂತೆ ಹಿಸುಕಬೇಕು. ಅರ್ಧ ಲೋಟ ನೀರು, ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ನೊರೆ ಬರದ ಹಾಗೆ ಕಲಸಬೇಕು. ಹಳೇ ಪಂಚೆಯ ತುಂಡಿನಲ್ಲಿ ಸೋಸಿ ಗಾಜಿನ ಲೋಟಕ್ಕೆ ಹಾಕಬೇಕು. ಮೆಡಿಕಲ್ ಶಾಪಿನಿಂದ ತಂದು ಐಸಿನಲ್ಲಿಟ್ಟ ಸರ್ಜಿಕಲ್ ಸ್ಪಿರಿಟನ್ನು ಲೋಟದ ಅಂಚಿನಿಂದ ನಿಧಾನಕ್ಕೆ ಇಳಿಬಿಡಬೇಕು. ಸ್ಪಿರಿಟಿಗೆ ಬೆಂಕಿ ಬೇಗ ಹತ್ತುತ್ತದೆ, ಬಿಸಿಯೂಟದ ಒಲೆಯಿಂದ ದೂರ ಇರಿ. ಸ್ವಲ್ಪ ಹೊತ್ತಿಗೆ ರಸವೂ ಸ್ಪಿರಿಟೂ ಸೇರುವ ಗೆರೆಯಲ್ಲಿ ಬಿಳಿ ಎಳೆಗಳು ಏಳತೊಡಗುತ್ತವೆ. ತೆಂಗಿನ ಕಡ್ಡಿಗೆ ಸುತ್ತಿ ಮೇಲೆತ್ತಬಹುದು.

ಆ ಎಳೆ ಅಪ್ಪಟ ಡಿಎನ್‌ಎ ಅಲ್ಲ. ಅದರ ಜೊತೆ ಹಣ್ಣಿನ ಪೆಕ್ಟಿನ್, ಪ್ರೋಟೀನ್ ಕೂಡ ಇರುತ್ತವೆ. ಅದನ್ನೂ ಮಕ್ಕಳಿಗೆ ಹೇಳಿಯೇ ಹೇಳುತ್ತೇನೆ. ಆಮೇಲೆ ಒಂದು ಗುಂಪಿಗೆ ಲಿಕ್ವಿಡ್ ಹಾಕದೆ ಮಾಡಲು ಕೊಡುತ್ತೇನೆ. ಎಳೆ ಸರಿಯಾಗಿ ಬರುವುದಿಲ್ಲ. ಜೀವಕೋಶದ ಪೊರೆ ಜಿಡ್ಡಿನದ್ದು, ಅದನ್ನು ಒಡೆಯಲು ಸೋಪು ಬೇಕು ಎನ್ನುವುದನ್ನು ಬೋರ್ಡಿನ ಮೇಲೆ ಬರೆಯುವ ಅಗತ್ಯವೇ ಬೀಳುವುದಿಲ್ಲ. ಹಿತ್ತಲಿನ ಪುಟ್ಟಬಾಳೆಗೂ ಟಿಶ್ಯೂ ಕಲ್ಚರ್ ಬಾಳೆಗೂ ಬರುವುದು ಒಂದೇ ಥರದ ಎಳೆ. "ಸರ್, ಇದನ್ನ ನಾವು ದಿನಾ ತಿಂತೀವಾ?" ಎಂಬ ಪ್ರಶ್ನೆ ಎಲ್ಲ ಶಾಲೆಯಲ್ಲೂ ಬರುತ್ತದೆ. ಅನ್ನ, ಸೊಪ್ಪು, ಮೀನು, ಎಲ್ಲದರಲ್ಲೂ ಡಿಎನ್‌ಎ ತಿನ್ನುತ್ತೇವೆ, ಅಲ್ವಾ? ಮಾಮೂಲಿ ಟೊಮೆಟೊದಲ್ಲಿ ಜೀನ್ ಇರುವುದಿಲ್ಲ, ಕುಲಾಂತರಿಯಲ್ಲಿ ಮಾತ್ರ ಇರುತ್ತದೆ ಎಂದು ನಂಬಿದವರು ಯುರೋಪಿನ ಸಮೀಕ್ಷೆಗಳಲ್ಲೂ ಕಡಿಮೆ ಇರಲಿಲ್ಲ.

ನಮ್ಮ ಕಡೆ ಯಾರಾದರೂ ಒಬ್ಬ ಹುಡುಗ ಎಳೆ ಅಡಕೆ ಜೇಬಿನಿಂದ ತೆಗೆದು "ಇದ್ರದ್ದೂ ತೆಗೀರಿ" ಅನ್ನುತ್ತಾನೆ. ಜಜ್ಜಿದರೆ ರಸ ಕಂದಾಗುತ್ತದೆ, ಎಳೆ ಸಿಗುವುದು ಕಷ್ಟ. ಅಡಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಚೊಗರು ಗೊತ್ತಲ್ಲ, ಅದರ ಒಗರಿಗೆ ಕಾರಣವಾದ ಟ್ಯಾನಿನ್‌ನಂಥ ವಸ್ತುಗಳೇ ಇಲ್ಲಿ ಡಿಎನ್‌ಎಗೆ ಅಂಟಿಕೊಳ್ಳುವುದು. ಲ್ಯಾಬಿನಲ್ಲಿ ಅವನ್ನು ಹಿಡಿದಿಡಲು ಪಿವಿಪಿ ಎಂಬ ಪುಡಿ ಹಾಕುತ್ತೇವೆ. ಅಡಕೆ ಬೆಳೆಗಾರರ ಮಕ್ಕಳಿಗೆ ಈ ಸೋಲು ಬಾಳೆಹಣ್ಣಿನ ಗೆಲುವಿಗಿಂತ ಜಾಸ್ತಿ ನೆನಪಿರುತ್ತದೆ.

ಜೀನ್ ಸೇರಿಸುವ ಪ್ರಯೋಗ ಶಾಲೆಯಲ್ಲಿ ಮಾಡುವಂತಿಲ್ಲ. 1989ರ ನಿಯಮಗಳ ಪ್ರಕಾರ ಅದಕ್ಕೆ ಸಂಸ್ಥೆಯಲ್ಲಿ ಬಯೋಸೇಫ್ಟಿ ಸಮಿತಿ ಇರಬೇಕು, ಅದರ ಒಪ್ಪಿಗೆ ಬೇಕು. ಹಾಗಾಗಿ ಅದನ್ನು ಕಾಲೇಜಿನ ಲ್ಯಾಬಿಗೆ ಕರೆಸಿ ತೋರಿಸುತ್ತೇವೆ. ಜೆಲ್ಲಿ ಫಿಶ್‌ನಲ್ಲಿ ಹಸಿರಾಗಿ ಹೊಳೆಯುವ ಒಂದು ಪ್ರೋಟೀನ್ ಇದೆ. ಅದರ ಜೀನ್, ಜೊತೆಗೆ ಆಂಟಿಬಯೋಟಿಕ್ ತಡೆಯುವ ಇನ್ನೊಂದು ಜೀನ್ ಇರುವ ಚಿಕ್ಕ ಡಿಎನ್‌ಎ ಉಂಗುರವನ್ನು, ರೋಗ ತರದ ಇ. ಕೋಲಿ ಬ್ಯಾಕ್ಟೀರಿಯಾದ ಜೊತೆ ಐಸಿನಲ್ಲಿಟ್ಟು, 42 ಡಿಗ್ರಿ ಬಿಸಿ ನೀರಿಗೆ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಅದ್ದಿ, ಮತ್ತೆ ಐಸಿಗೆ ಇಡುತ್ತೇವೆ. ಆಮೇಲೆ ಪ್ಲೇಟುಗಳ ಮೇಲೆ ಹರಡಿ ಒಂದು ರಾತ್ರಿ ಬೆಚ್ಚಗೆ ಬಿಡುತ್ತೇವೆ.

ಮಾರನೇ ದಿನ ಪ್ಲೇಟುಗಳನ್ನು ಸಾಲಾಗಿಟ್ಟು, ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿಯುತ್ತೇವೆ. ಡಿಎನ್‌ಎ ಸಿಗದ ಬ್ಯಾಕ್ಟೀರಿಯಾ ಆಂಟಿಬಯೋಟಿಕ್ ಇರುವ ಪ್ಲೇಟಿನಲ್ಲಿ ಸತ್ತುಹೋಗಿರುತ್ತದೆ, ಪ್ಲೇಟು ಖಾಲಿ. ಡಿಎನ್‌ಎ ಕೊಟ್ಟ ಪ್ಲೇಟಿನಲ್ಲಿ ಅಲ್ಲಲ್ಲಿ ಚುಕ್ಕೆಗಳು. ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಜೀನ್ ಒಳಗೆ ತೆಗೆದುಕೊಂಡದ್ದು ಅಷ್ಟೇ. ಆ ಚುಕ್ಕೆಗಳೂ ಹೊಳೆಯುವುದಿಲ್ಲ! ಅರಾಬಿನೋಸ್ ಎಂಬ ಸಕ್ಕರೆ ಸೇರಿಸಿದ ಪ್ಲೇಟಿನಲ್ಲಿ ಮಾತ್ರ ಹಸಿರು ಬೆಳಕು. ಎರಡರಲ್ಲೂ ಅದೇ ಬ್ಯಾಕ್ಟೀರಿಯಾ, ಅದೇ ಜೀನ್. ಸ್ವಿಚ್ ಒತ್ತುವ ಸಕ್ಕರೆ ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಜೀನ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡಲೇಬೇಕೆಂದಿಲ್ಲ ಎನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ನೋಡಿದವರು ಕೇಳುವ ಮುಂದಿನ ಪ್ರಶ್ನೆಗಳು ಬಹಳ ಚೂಪಾಗಿರುತ್ತವೆ. ಹತ್ತಿಗಿಡದಲ್ಲಿ ಬಿಟಿ ಪ್ರೋಟೀನ್ ಎಲೆಯಲ್ಲಿ ಮಾತ್ರ ಇರುತ್ತದಾ, ಬೀಜದಲ್ಲೂ ಇರುತ್ತದಾ? ಬೀಜದಲ್ಲೂ ಇರುತ್ತದೆ. ಆ ಆಂಟಿಬಯೋಟಿಕ್ ತಡೆಯುವ ಜೀನ್ ಗಿಡದಲ್ಲೂ ಉಳಿಯುತ್ತದಾ? ಬಿಟಿ ಬದನೆಯಲ್ಲಿ ಅಂಥ ಜೀನ್ ಉಳಿದಿತ್ತು, ಅದರ ಬಗ್ಗೆ ಚರ್ಚೆಯೂ ಆಯಿತು. ಇವು ವಿಜ್ಞಾನಿಗಳೇ ಪರಸ್ಪರ ಕೇಳಿಕೊಳ್ಳುವ ಪ್ರಶ್ನೆಗಳು.

ಶಿಕಾರಿಪುರ, ಸೊರಬದ ಮೆಕ್ಕೆಜೋಳ ರೈತರಿಗೆ ಬೇಕಾದದ್ದು ಬೇರೆ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲೇ. ಸುಳಿಯೊಳಗೆ ಕೂತು ತಿನ್ನುವ ಆ ಹುಳುವಿಗೆ ಎಷ್ಟು ಔಷಧಿ ಹೊಡೆದರೂ ಸಾಲದು. "ಬಿಟಿ ಜೋಳ ಬಂದ್ರೆ ತಾಪತ್ರಯ ಹೋಗುತ್ತಾ?" ಎಂದು ಕೇಳುತ್ತಾರೆ. ನಮ್ಮಲ್ಲಿ ಅದಕ್ಕೆ ಅನುಮತಿ ಇಲ್ಲ. ಅದನ್ನು ಬೆಳೆದ ಬ್ರೆಜಿಲ್‌ನಲ್ಲಿ ಒಂದು ಬಿಟಿ ಪ್ರೋಟೀನಿಗೆ ಇದೇ ಹುಳು ಬಗ್ಗದೆ ನಿಂತಿತು.

ಯಾಕೆ ಹಾಗಾಯಿತು ಎಂದು ತಿಳಿಯಲು ನೂರು ಹೆಸರುಕಾಳು, ಐದು ಹುರುಳಿಕಾಳು ಸಾಕು. ಹೆಸರು ಬಿಟಿಗೆ ಸಾಯುವ ಹುಳು, ಹುರುಳಿ ಬಗ್ಗದ ಹುಳು. ಪ್ರತಿ ಸುತ್ತಿನಲ್ಲಿ ಹತ್ತು ಹೆಸರಿಗೆ ಒಂಬತ್ತು ತೆಗೆಯಿರಿ, ಹುರುಳಿ ಮುಟ್ಟಬೇಡಿ, ಉಳಿದವನ್ನು ದುಪ್ಪಟ್ಟು ಮಾಡಿ. ಎರಡನೇ ಸುತ್ತು ಮುಗಿಯುವಾಗ ತಟ್ಟೆಯಲ್ಲಿ ಹೆಸರು ನಾಲ್ಕು, ಹುರುಳಿ ಇಪ್ಪತ್ತು. ಪಕ್ಕದಲ್ಲಿ ಕೈ ಹಾಕದ ಹೆಸರಿನ ಬಟ್ಟಲು ಇಟ್ಟು ಪ್ರತಿ ಸಲ ಒಂದಿಷ್ಟು ಬೆರೆಸಿದರೆ ಹುರುಳಿ ಅಷ್ಟು ಬೇಗ ಮೇಲೆ ಬರುವುದಿಲ್ಲ. 450 ಗ್ರಾಂ ಬಿಟಿ ಹತ್ತಿ ಬೀಜದ ಜೊತೆ 120 ಗ್ರಾಂ ಸಾದಾ ಹತ್ತಿ ಬೀಜ ಕೊಡುತ್ತಿದ್ದದ್ದು ಇದೇ ಲೆಕ್ಕಕ್ಕೆ. ಹೊಲದ ಅಂಚಿಗೆ ಬಿತ್ತಲಿ, ಹೆಸರಿನಂಥ ಹುಳುಗಳು ಅಲ್ಲಿ ಉಳಿಯಲಿ ಅಂತ. ಎಷ್ಟೋ ಜನ ಬಿತ್ತಲಿಲ್ಲ, ಯಾಕೆಂದು ಅವರಿಗೆ ಅರ್ಥವಾಗುವಂತೆ ಯಾರೂ ಹೇಳಿರಲಿಲ್ಲ. ಹತ್ತಿಯ ಗುಲಾಬಿ ಕಾಯಿಕೊರಕ ಹುಳು ಬಿಟಿಗೆ ಬಗ್ಗದಂತಾದದ್ದಕ್ಕೆ ಅದೂ ಒಂದು ಕಾರಣ. ತಿಳಿವಳಿಕೆಯ ಕೊರತೆ ರೈತನ ಜೇಬಿಗೇ ಕೈ ಹಾಕಿದ್ದು ಹೀಗೆ.

ನಾನು ಶಿಬಿರದ ಕೊನೆಗೆ ಕುಲಾಂತರಿ ಬೇಕೋ ಬೇಡವೋ ಎಂದು ಕೈ ಎತ್ತಿಸುವುದಿಲ್ಲ. 2010ರಲ್ಲಿ ಬಿಟಿ ಬದನೆಗೆ ತಡೆ ಹಾಕುವ ಮೊದಲು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಜನರ ಅಭಿಪ್ರಾಯ ಕೇಳಿದ್ದರು. ಅಂಥ ಸಭೆ ನಾಳೆ ಶಿವಮೊಗ್ಗದಲ್ಲೇ ನಡೆಯಬಹುದು. ಬೀಜದ ಒಡೆತನ ಯಾರದ್ದು, ನಾಟಿ ತಳಿಗೆ ಪರಾಗ ಬೆರೆತರೆ ಏನು ಗತಿ ಎಂದು ಕೇಳುವವರು ಅಲ್ಲಿರಬೇಕು. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕಮಲಾ ಭತ್ತದಲ್ಲಿ ಹೊರಗಿನ ಜೀನ್ ಇಲ್ಲ, ಸಾಂಬಾ ಮಸೂರಿಯದೇ ಒಂದು ಜೀನನ್ನು ತಿದ್ದಿದ್ದಾರೆ. ಅದಕ್ಕೂ ಬಿಟಿ ಹತ್ತಿಗೂ ಇರುವ ವ್ಯತ್ಯಾಸ ಗೊತ್ತಿದ್ದವರೂ ಅಲ್ಲಿರಬೇಕು.

ಈಗ ಎಲ್ಲ ಕಡೆ ಎದುರಾಗುವ ಪ್ರಶ್ನೆ ಎಲೆಚುಕ್ಕಿ ರೋಗದ್ದು. "ಅಡಕೆಗೂ ಒಂದು ಜೀನ್ ತಂದು ಹಾಕ್ಬಹುದಲ್ಲ?" ಹಾಕುವ ಮೊದಲು ರೋಗ ತಡೆಯುವ ಜೀನ್ ಯಾವುದೆಂದು ಗೊತ್ತಾಗಬೇಕು. ಅಡಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು, ಒಂದು ತಲೆಮಾರು ಪರೀಕ್ಷಿಸುವುದೇ ದೀರ್ಘ ಕೆಲಸ. ಅದಕ್ಕಿಂತ ಹತ್ತಿರದ ದಾರಿಯೊಂದಿದೆ. ಅಡಕೆಯ ಇನ್ನೊಂದು ರೋಗವಾದ ಹಳದಿ ಎಲೆ ರೋಗ ಬಡಿದ ತೋಟಗಳಲ್ಲಿ ಆರೋಗ್ಯವಾಗಿ ಉಳಿದ ಮರಗಳನ್ನು ಹುಡುಕಿ, ಅವುಗಳ ಎಳೆ ಹಿಂಗಾರದಿಂದ ಟಿಶ್ಯೂ ಕಲ್ಚರ್ ಸಸಿ ಮಾಡುವ ಕೆಲಸವನ್ನು ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಜ್ಞಾನಿಗಳು ಮಾಡಿದ್ದಾರೆ. ಇದನ್ನು ಕೇಳಿದ ಮೇಲೆ ತೀರ್ಥಹಳ್ಳಿ ಕಡೆಯ ಶಾಲೆಯೊಂದರ ಮಕ್ಕಳು ತಮ್ಮ ತಮ್ಮ ತೋಟದಲ್ಲಿ ಚುಕ್ಕಿ ಕಡಿಮೆ ಇರುವ ಮರಗಳಿಗೆ ಸುಣ್ಣದ ಗುರುತು ಹಾಕಿ, ಯಾವ ಮರ, ಯಾವ ತಿಂಗಳು, ಎಷ್ಟು ಸೋಗೆಗೆ ಚುಕ್ಕಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದ್ದಾರೆ.