ತೂಕದ ‘ಮಿತಿ’ಯನ್ನು ಗೀಚಿದವರು ಯಾರು?

ಕೆ.ಜಿ. ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ (ಎತ್ತರ × ಎತ್ತರ) ಭಾಗಿಸಿದರೆ ಸಿಗುವ ಅಂಕಿಯೇ ಬಿಎಂಐ. ಈ ಲೆಕ್ಕ ಹುಟ್ಟಿದ್ದು ವೈದ್ಯರ ಕೈಯಲ್ಲಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಖಗೋಳ ವಿಜ್ಞಾನಿ ಅಡಾಲ್ಫ್ ಕೆಟ್ಲೆ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತಾ ಜನರ ಎತ್ತರ, ತೂಕ ಕಲೆಹಾಕಿದ. ಬೆಳೆದವರ ತೂಕ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ಕಂಡುಕೊಂಡ, ಅಷ್ಟೆ. ಯಾರು ದಪ್ಪ ಎಂದು ತೀರ್ಪು ಕೊಡುವುದು ಅವನ ಉದ್ದೇಶವಾಗಿರಲಿಲ್ಲ.

ತೀರ್ಪು ಬಂದದ್ದು ವಿಮೆಯಿಂದ. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಕಂಪನಿ 1942–43ರಲ್ಲಿ ‘ಆದರ್ಶ ತೂಕ’ದ ಪಟ್ಟಿ ಹೊರಡಿಸಿತು. ಆಧಾರ ಪಾಲಿಸಿ ಕೊಂಡವರ ಲೆಕ್ಕ ಮಾತ್ರ. ಮೈಕಟ್ಟು ಸಣ್ಣ, ಮಧ್ಯಮ, ದೊಡ್ಡದು ಎಂದು ಮೂರು ಕಾಲಂ ಇದ್ದವು. ಯಾರದು ಯಾವುದು ಎಂದು ಅಳೆಯುವ ಬಗೆ ಮಾತ್ರ ಇರಲಿಲ್ಲ. ವಿಮೆಯ ಅಪಾಯ ತೂಗಲು ಮಾಡಿದ ಈ ಪಟ್ಟಿ ಆಸ್ಪತ್ರೆಯ ಗೋಡೆಗೂ ಏರಿತು.

ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ 1972ರಲ್ಲಿ ಕೆಟ್ಲೆಯ ಸೂತ್ರಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ (ಬಿಎಂಐ) ಎಂದು ಹೆಸರಿಟ್ಟರು. ಪರೀಕ್ಷಿಸಿದ್ದು 7,400ಕ್ಕೂ ಹೆಚ್ಚು ಗಂಡಸರ ಮೇಲೆ; ಹೆಂಗಸರು ಆ ಲೆಕ್ಕದಲ್ಲೇ ಇರಲಿಲ್ಲ. 1998ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಗೆರೆಯನ್ನೇ ಸರಿಸಿತು: ಅಧಿಕ ತೂಕದ ಮಿತಿ ಗಂಡಸರಿಗೆ 27.8, ಹೆಂಗಸರಿಗೆ 27.3 ಇದ್ದದ್ದು ಇಬ್ಬರಿಗೂ 25 ಆಯಿತು. 160 ಸೆಂ.ಮೀ. ಎತ್ತರ, 68 ಕೆ.ಜಿ. ತೂಕದ ಹೆಂಗಸನ್ನು ತೆಗೆದುಕೊಳ್ಳಿ. 68ನ್ನು 1.6ರ ವರ್ಗವಾದ 2.56ರಿಂದ ಭಾಗಿಸಿದರೆ 26.6. ಹಳೇ ಗೆರೆಯಲ್ಲಿ ಆಕೆ ಸರಿಯಾಗಿದ್ದಳು, ಹೊಸ ಗೆರೆಯಲ್ಲಿ ‘ಅಧಿಕ ತೂಕ’. ಮೈಯಲ್ಲಿ ಒಂದು ಗ್ರಾಂ ಕೂಡ ಬದಲಾಗಿರಲಿಲ್ಲ.

‘ಊಟ ಕಡಿಮೆ ಮಾಡಿ, ಮನಸ್ಸು ಗಟ್ಟಿ ಇರಲಿ’ ಎನ್ನುವವರು ಇದೇ ಕೀಸ್ 1945ರಲ್ಲಿ ಮಿನೆಸೊಟಾದಲ್ಲಿ ಕಂಡದ್ದನ್ನು ಓದಬೇಕು. ಆರೋಗ್ಯವಂತ 36 ಯುವಕರಿಗೆ 24 ವಾರ, ದಿನಕ್ಕೆ ಸುಮಾರು 1,570 ಕ್ಯಾಲೊರಿ. ತೂಕ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ಮೈ ಚಳಿಗಟ್ಟಿತು, ಶಕ್ತಿ ಖರ್ಚಾಗುವುದು ಕುಗ್ಗಿತು, ಹಗಲಿಡೀ ಊಟದ್ದೇ ಧ್ಯಾನ. ಪಥ್ಯ ಸಡಿಲಿಸಿದ ಮೇಲೆ ಕೊಬ್ಬು ಮೊದಲಿಗಿಂತ ಹೆಚ್ಚೇ ಮರಳಿತು. ಹಸಿದ ಮೈ ತನ್ನನ್ನು ಕಾಯ್ದುಕೊಳ್ಳುತ್ತದೆ. ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಕಾನೂನು ಎಚ್ಚೆತ್ತದ್ದು ಬಹಳ ನಿಧಾನ. ಅಮೆರಿಕದ ಮಿಷಿಗನ್ ರಾಜ್ಯ 1976ರಲ್ಲಿ, ನ್ಯೂಯಾರ್ಕ್ ನಗರ 2023ರಲ್ಲಿ ತೂಕದ ಆಧಾರದ ತಾರತಮ್ಯವನ್ನು ನಿಷೇಧಿಸಿದವು.

ತಾರತಮ್ಯವೆಂದರೆ ಬೈಗುಳವಷ್ಟೇ ಅಲ್ಲ. ಬಿಪಿ ನೋಡುವಾಗ ಕಟ್ಟುವ ಪಟ್ಟಿಯನ್ನೇ ನೋಡಿ. ಅದರೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನಾದರೂ ಸುತ್ತಬೇಕು. ಚಿಕ್ಕದಾದರೆ ಬಿಪಿ ಇಲ್ಲದವರಿಗೂ ಇದೆ ಎಂದು ತೋರಿಸುತ್ತದೆ. ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 19.5ರಷ್ಟು ಹೆಚ್ಚು ಬಂತೆಂದು 2023ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಬೇಡದ ಮಾತ್ರೆ ಶುರುವಾಗಲು ಅಷ್ಟು ಸಾಕು. ಮಾತ್ರೆ ಬರೆಯುವ ಮುನ್ನ ತೋಳಿನ ನಡುಭಾಗಕ್ಕೆ ಟೇಪು ಸುತ್ತಿ, ಅದಕ್ಕೆ ಒಪ್ಪುವ ಪಟ್ಟಿಯಲ್ಲಿ ಮತ್ತೊಮ್ಮೆ ನೋಡಿ ಎಂದು ಕೇಳಿ.